ಮೀನು ಆಮೇಲೆ, ಮೊದ್ಲು ಮರಳು

ನಮ್ಮನೆಗೆ ಯಾರೇ ಬಂದ್ರೂ ಈಗ ನನ್ನ ಮುಖ ನೋಡಲ್ಲ, ಹಜಾರದಲ್ಲಿರೋ ಮೀನಿನ ತೊಟ್ಟಿ ನೋಡ್ತಾರೆ. ಆಮೇಲೆ ಎರಡು ಪ್ರಶ್ನೆ. ಒಂದು, "ಎಷ್ಟು ಕೊಟ್ರಿ?" ಇನ್ನೊಂದು, "ಇವು ಸಾಯಲ್ವಾ?" ನಮ್ಮ ಚಿಕ್ಕಮ್ಮ ಒಬ್ರು ಮಾತ್ರ "ಸಾರಿಗೆ ಯಾವಾಗವ್ವ?" ಅಂದ್ರು. ಎರಡನೇ ಪ್ರಶ್ನೆಗೆ ಉತ್ತರ ಒಸಿ ಉದ್ದ ಇದೆ. ಅದಕ್ಕೇ ಕೂತು ಬರೀತಿದೀನಿ. ಮೊದಲ ಸಲ ತಂದ ಮೀನು ಸತ್ತವು. ಸಾಯಿಸಿದ್ದು ಬೇರೆ ಯಾರೂ ಅಲ್ಲ, ನಾನೇ.

ಅವ್ವ ತೀರಿಕೊಂಡ ಮೇಲೆ ಅಪ್ಪಾಜೀನ ನರಸೀಪುರದಿಂದ ನಂಜನಗೂಡಿಗೆ, ನಮ್ಮನೆಗೆ ಕರ್ಕೊಂಡು ಬಂದ್ವಿ. ಅವರಿಗೆ 82 ವರ್ಷ. ತಮ್ಮ ಕೆಲಸದ ಮೇಲೆ ಮೈಸೂರಲ್ಲಿದಾನೆ, ಆ ದೊಡ್ಡ ಮನೇಲಿ ಒಬ್ಬರನ್ನೇ ಬಿಡೋದು ಹೆಂಗೆ? ಅಲ್ಲಿದ್ದಾಗ ಅಪ್ಪಾಜಿ ದಿನಾ ಬೆಳಗ್ಗೆ ಸಂಗಮದ ಹತ್ರ ಹೋಗಿ, ಕಪಿಲೆ ಕಾವೇರಿ ಸೇರೋ ಕಡೆ ಕೂತು, ಒಂದು ಹಿಡಿ ಕಳ್ಳೆಪುರಿ ಮೀನಿಗೆ ಹಾಕಿ ಬರೋರು. ನಮ್ಮೂರಲ್ಲೂ ಕಪಿಲೆ ಇದಾಳೆ, ಇಲ್ಲಿ ಹರಿದ ನೀರೇ ಅಲ್ಲಿಗೆ ಹೋಗೋದು. ಆದ್ರೆ ಅವರ ಮಂಡಿ ನೋವಿಗೆ ಸ್ನಾನಘಟ್ಟದ ಮೆಟ್ಟಿಲು ಇಳಿಯೋಕಾಗಲ್ಲ. ಹಜಾರದಲ್ಲಿ ಗೋಡೆ ನೋಡ್ಕೊಂಡು ಕೂತಿರೋರು. ದಿನಕ್ಕೊಂದ್ಸಲ ಒಂದೇ ಮಾತು: "ಊರಿಗೆ ಯಾವಾಗ ಹೋಗೋದು ಕೂಸೆ?" ನಾನು ಏನಾದ್ರೂ ಸುಳ್ಳು ಹೇಳಿ ಒಳಕ್ಕೆ ಹೋಗ್ತಿದ್ದೆ.

ಹೊಳೆ ಹತ್ರ ಅವರನ್ನ ಕರ್ಕೊಂಡು ಹೋಗೋಕಾಗದಿದ್ರೆ ಹೊಳೇನೇ ಒಸಿ ಮನೆಗೆ ತರೋಣ ಅಂತ ಒಂದು ದಿನ ಗುಂಡು ಗಾಜಿನ ಬಟ್ಟಲು, ನೀಲಿ ಬಣ್ಣದ ಕಲ್ಲು, ಆರು ಗೋಲ್ಡ್ ಫಿಶ್ ತಂದುಬಿಟ್ಟೆ. ಅಂಗಡಿಯವನು "ಏನೂ ತೊಂದ್ರೆ ಇಲ್ಲ ಆಂಟಿ" ಅಂದ. ನಾನೂ ಏನೂ ಕೇಳಲಿಲ್ಲ.

ಮಾರನೇ ದಿನ ನೀರು ಮಬ್ಬಾಯ್ತು. ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಪಾತ್ರೆ ಫಳಫಳ ಅನ್ನದಿದ್ರೆ ನಿದ್ದೆ ಬರಲ್ಲ. ಮೀನನ್ನ ಚೊಂಬಿಗೆ ಹಾಕಿ, ಬಟ್ಟಲು ತಿಕ್ಕಿ, ಕಲ್ಲನ್ನೂ ಸೋಪಿನ ನೀರಲ್ಲಿ ತೊಳೆದು, ನಲ್ಲಿ ನೀರು ತುಂಬಿದೆ. ದಿನಾ ಇದೇ ಕೆಲಸ. ಐದನೇ ದಿನಕ್ಕೆ ನಾಲ್ಕು ಹೋದ್ವು, ವಾರದೊಳಗೆ ಎಲ್ಲಾ ಹೋದ್ವು. ಅಪ್ಪಾಜಿ ಬೈಲಿಲ್ಲ. "ಅವಕ್ಕೂ ಜಾಗ ಒಗ್ಗಲಿಲ್ಲ ಬುಡು" ಅಂದ್ರು. ಆ ಮಾತಿಗೆ ನಾನು ಅಡುಗೆಮನೆಗೆ ಹೋಗಿ ಅತ್ತೆ ಕಣ್ರೀ.

ತಮ್ಮನ ಮಗ ಕಾಲೇಜಿನ ದಿನದಿಂದ ಮೀನು ಸಾಕೋನು. ಭಾನುವಾರ ಬಂದು ನೋಡಿದ. "ಅತ್ತೆ, ನೀವು ಮೀನಿಂದ ಶುರು ಮಾಡಿದ್ರಿ. ಶುರು ಮಾಡಬೇಕಾದ್ದು ನೀರಿಂದ, ಮರಳಿಂದ. ಮೀನು ಕೊನೇಗೆ" ಅಂದ. ಗೋಲ್ಡ್ ಫಿಶ್ ನೋಡೋಕೆ ಚಿಕ್ಕದು, ಬೆಳೆದ್ರೆ ಗೇಣುದ್ದ ಆಗುತ್ತಂತೆ, ತಿನ್ನೋದೂ ಜಾಸ್ತಿ, ಗಲೀಜು ಮಾಡೋದೂ ಜಾಸ್ತಿ. ಆರು ಮೀನು ಅಂಥ ಬಟ್ಟಲಲ್ಲಿ ಇಟ್ಟಿದ್ದು ಆರು ಜನರನ್ನ ಬಚ್ಚಲುಮನೇಲಿ ಕೂಡಿಹಾಕಿದಂಗೆ.

ಆಮೇಲೆ ಅವನು ಹೇಳಿದ ಮಾತು ನನಗೆ ಥಟ್ಟನೆ ಹತ್ತಿತು, ಯಾಕಂದ್ರೆ ಅದು ನಮ್ಮ ಅಡುಗೆಮನೆ ಮಾತೇ. ಮೀನಿನ ಗಲೀಜಿಂದ ನೀರಲ್ಲಿ ಅಮೋನಿಯಾ ಅನ್ನೋ ವಿಷ ಹುಟ್ಟುತ್ತೆ. ಅದನ್ನ ತಿಂದು, ಅಷ್ಟು ಕೇಡಿಲ್ಲದ ನೈಟ್ರೇಟ್ ಮಾಡೋ ಸಣ್ಣ ಜೀವಿಗಳು ಮರಳಲ್ಲಿ, ಫಿಲ್ಟರಿನ ಸ್ಪಂಜಲ್ಲಿ ಮನೆ ಮಾಡ್ತಾವೆ. ಹೊಸ ತೊಟ್ಟೀಲಿ ಅವು ಇರಲ್ಲ, ಬೆಳೆಯೋಕೆ ಮೂರರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕದೆ ಮೊಸರಾಗಲಿಲ್ಲ ಅಂತ ಅಳೋರುಂಟಾ? ನಾನು ದಿನಾ ಸೋಪು ಹಾಕಿ ಹೆಪ್ಪನ್ನೇ ತೊಳೆದು ಚರಂಡಿಗೆ ಬಿಡ್ತಿದ್ದೆ. ಅದರ ಮೇಲೆ ನಲ್ಲಿ ನೀರಿನ ಕ್ಲೋರಿನ್ ಬೇರೆ. ಅದು ನಮ್ಮ ಹೊಟ್ಟೆಗೆ ಒಳ್ಳೇದು, ಮೀನಿನ ಕಿವಿರಿಗೆ ಅಲ್ಲ.

ಸರಿ ಅಂತ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತಂದ್ವಿ. ತುಂಬಿದ್ರೆ ಸುಮಾರು 55 ಲೀಟರ್ ನೀರು. ನೀರು, ಮರಳು, ಗಾಜು ಎಲ್ಲಾ ಸೇರಿ ಒಬ್ಬ ಆಳಿನ ತೂಕ. ನಾನು ಟೀವಿ ಸ್ಟ್ಯಾಂಡ್ ಮೇಲೆ ಇಡೋಣ ಅಂದೆ, ನಮ್ಮನೆಯವರು ಕೈ ಅಡ್ಡ ಹಿಡಿದ್ರು. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಬಿಸಿಲು ಬೀಳದ ಗೋಡೆ ಪಕ್ಕ ಇಟ್ವಿ. ಬಿಸಿಲು ಬಿದ್ರೆ ಗಾಜಿಗೆಲ್ಲ ಪಾಚಿ ಹತ್ತುತ್ತೆ.

ಈಗ ತಳಕ್ಕೆ ಏನು ಹಾಕೋದು? ಬಣ್ಣದ ಕಲ್ಲಿನ ಸಂದೀಲಿ ಮೀನು ತಿನ್ನದೆ ಬಿಟ್ಟ ಕಾಳು ಸೇರಿ ಕೊಳೆಯುತ್ತೆ. ಅಮೃತಶಿಲೆ ಚೂರು, ಕಪ್ಪೆಚಿಪ್ಪು ಹಾಕಿದ್ರೆ ಅವು ನಿಧಾನಕ್ಕೆ ಕರಗಿ ನೀರನ್ನ ಇನ್ನೂ ಗಡಸು ಮಾಡ್ತಾವೆ. ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿದ್ದು, ಅಂಚು ಚೂಪು. ತಳ ಕೆದಕಿ ತಿನ್ನೋ ಮೀನಿನ ಮೀಸೆ, ಬಾಯಿ ಗಾಯ ಆಗುತ್ತೆ. ಹೊಳೆ ಮರಳೇ ವಾಸಿ ಅಂತ ಆಯ್ತು. ಆದ್ರೆ ಈಗ ಹೊಳೇಲಿ ಮನಸ್ಸು ಬಂದಂಗೆ ಮರಳು ಎತ್ತೋಕಾಗುತ್ತಾ? ನಾವು ಮಾತಾಡ್ತಾ ಇದ್ರೆ ಅಪ್ಪಾಜಿ ಗೋಡೆ ಕಡೆಯಿಂದ ತಿರುಗಿದ್ರು. "ಊರ ಮನೆ ಹಿತ್ತಲಲ್ಲಿ ಅದಲ್ಲ, ನಾನು ಮನೆ ಕಟ್ಟುವಾಗ ಉಳಿದದ್ದು. ತೆಂಗಿನ ಮರದ ಬುಡದಲ್ಲಿ ನೋಡಿ."

ತಮ್ಮನ ಮಗ ಹೋಗಿ ಒಂದು ಚೀಲ ತಂದ. ಅಪ್ಪಾಜಿ ಕುರ್ಚೀಲಿ ಕೂತು ಒಂದರಿ ಹಿಡಿದ್ರು. ಕಡ್ಡಿ ಕಸ, ದಪ್ಪ ಕಲ್ಲು, ಧೂಳು ಎಲ್ಲಾ ಬೇರೆ ಮಾಡಿದ್ರು. ನಾನು ಬೇಸಿನ್‌ಗೆ ಹಾಕಿ ಅಕ್ಕಿ ತೊಳೆದಂಗೆ ತೊಳೆದೆ, ಸೋಪು ಮುಟ್ಟಿಸಲಿಲ್ಲ. ನೀರು ತಿಳಿಯಾಗೋಕೆ ಹತ್ತು ಹನ್ನೆರಡು ಸಲ ಬೇಕಾಯ್ತು. ಒಂದು ಚಿಟಿಕೆ ಮರಳಿನ ಮೇಲೆ ನಿಂಬೆರಸ ಹಿಂಡಿ ನೋಡಿದ್ವಿ. ಬುರುಬುರು ನೊರೆ ಬಂದ್ರೆ ಅದರಲ್ಲಿ ಸುಣ್ಣದ ಅಂಶ ಇದೆ ಅಂತ ಅರ್ಥ. ಮರಳು ಸುಮ್ಮನಿತ್ತು, ಒಂದೆರಡು ಚಿಪ್ಪು ನೊರೆ ಬಿಟ್ವು, ಆರಿಸಿ ಎಸೆದ್ವಿ. ಎರಡು ಅಂಗುಲ ದಪ್ಪಕ್ಕೆ ಸುಮಾರು 15 ಕೆ.ಜಿ. ಹಿಡೀತು. ಅದಕ್ಕಿಂತ ದಪ್ಪ ಹಾಕಬೇಡಿ, ಅಡೀಲಿ ಗಾಳಿ ಆಡದೆ ಕಪ್ಪಾಗಿ ನಾರುತ್ತೆ. ನೀರು ಸುರಿಯುವಾಗ ಮರಳ ಮೇಲೆ ಒಂದು ತಟ್ಟೆ ಇಟ್ಕೊಳ್ಳಿ, ಕದಡೋದಿಲ್ಲ.

ತಮ್ಮನ ಮಗ ತನ್ನ ಹಳೇ ತೊಟ್ಟಿಯ ಸ್ಪಂಜು ತಂದು ನಮ್ಮ ಫಿಲ್ಟರಿಗೆ ಹಾಕಿದ. ಅದೇ ಹೆಪ್ಪು. ಮೀನಿಲ್ಲದ ತೊಟ್ಟೀಗೆ ದಿನಾ ಒಂದೆರಡು ಕಾಳು ಹಾಕ್ತಾ ಮೂರು ವಾರ ಕಾದ್ವಿ. ಬಂದೋರೆಲ್ಲ "ಮೀನೆಲ್ಲಿ?" ಅಂತ ನಕ್ಕರು. ನಗಲಿ.

ಮೀನು ಯಾವುದು ಅಂತ ನಮ್ಮ ನೀರೇ ಹೇಳಿತು. ನಮ್ಮ ಬೋರ್‌ವೆಲ್ ನೀರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಅಷ್ಟು ಗಡಸು. ನನಗೆ ಮಿಣಮಿಣ ಅನ್ನೋ ನಿಯಾನ್ ಟೆಟ್ರಾ ಇಷ್ಟ ಆಗಿತ್ತು. ಅದಕ್ಕೆ ಮೆದು ನೀರು ಬೇಕು. ಗಪ್ಪಿಗೆ ಗಡಸು ನೀರೇ ಸುಖ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗೆ ಬಿಡ್ತಾರಲ್ಲ, ಅದೇ ಮೀನು. ಮೊಟ್ಟೆ ಇಡಲ್ಲ, ತಿಂಗಳಿಗೊಂದ್ಸಲ ಹಿಂಡು ಮರಿ ಹಾಕುತ್ತೆ. ಅದಕ್ಕೆ ನಾವು ಗಂಡು ಮಾತ್ರ ತಂದ್ವಿ, ಐದು. ಬಾಲದ ಬಣ್ಣ ಇರೋದೂ ಗಂಡಿಗೇ.

ಅಪ್ಪಾಜಿಗೆ ಹೊಳೆಯ ಗೆಂಡೆ ಮರಿ ಬೇಕು ಅಂತ ಆಸೆ. "ತಾತ, ಅವು ಹರಿಯೋ ನೀರಲ್ಲಿ ಬೆಳೆಯೋವು, ಎರಡಡೀಲಿ ಹೆಂಗಿರ್ತಾವೆ?" ಅಂತ ಮೊಮ್ಮಗ ಒಪ್ಪಲಿಲ್ಲ. ಬದಲಿಗೆ ಮೈಮೇಲೆ ನೀಲಿ ಗೆರೆ ಇರೋ ಜೀಬ್ರಾ ಮೀನು ಆರು ತಂದ. ನಮ್ಮ ದೇಶದ್ದೇ ಮೀನು, ಗಟ್ಟಿಮುಟ್ಟು, ಗುಂಪಲ್ಲೇ ಓಡಾಡುತ್ತೆ. ಎಗರೋ ಜಾತಿ, ಮುಚ್ಚಳ ಬೇಕೇ ಬೇಕು. ಗಾಜು ನೆಕ್ಕಿ ಕ್ಲೀನ್ ಮಾಡೋ ಸಕ್ಕರ್ ಮೀನು ಮಾತ್ರ ಬೇಡ ಅಂದ, ಒಂದಡಿಗೂ ಮೀರಿ ಬೆಳೆಯುತ್ತಂತೆ. ಬೆಳೆದ ಮೇಲೆ ಜನ ಹೊಳೆಗೋ ಕೆರೆಗೋ ಬಿಟ್ಟು ಬರ್ತಾರೆ, ಅಲ್ಲಿರೋ ನಮ್ಮ ಮೀನಿಗೆ ಕುತ್ತು. ದಯವಿಟ್ಟು ಸಾಕಿ ಬೇಜಾರಾದ ಮೀನನ್ನ ಪುಣ್ಯ ಅಂತ ಕಪಿಲೆಗೆ ಬಿಡಬೇಡಿ. ಸಾಕೋರಿಗೆ ಕೊಡಿ.

ಮೀನಿದ್ದ ಪ್ಲಾಸ್ಟಿಕ್ ಕವರನ್ನ ಹಂಗೇ ತೊಟ್ಟೀಲಿ ತೇಲಿಬಿಟ್ಟು, ಒಳಕ್ಕೆ ಒಂದೊಂದೇ ಲೋಟ ತೊಟ್ಟಿ ನೀರು ಸೇರಿಸಿ, ಅರ್ಧ ಗಂಟೆ ಮೇಲೆ ಮೀನನ್ನ ಮಾತ್ರ ಬಿಟ್ವಿ. ಅಪ್ಪಾಜಿ ಪಕ್ಕದಲ್ಲೇ ಕೂತು ನೋಡ್ತಿದ್ರು. "ಒಂದೇ ಸಲ ಎತ್ತಿ ಹಾಕಬಾರದು, ಅಲ್ವಾ?" ಅಂದ್ರು. ಅವರನ್ನ ನಾವು ಒಂದೇ ದಿನದಲ್ಲಿ, ಒಂದು ಬ್ಯಾಗ್ ಸಮೇತ ಕಾರಲ್ಲಿ ಕೂರಿಸಿಕೊಂಡು ಬಂದಿದ್ವಿ. ನಾನು ಮಾತಾಡಲಿಲ್ಲ.

ಮೊದಲ ವಾರ ಅಪ್ಪಾಜಿ ಕದ್ದು ಕಳ್ಳೆಪುರಿ ಹಾಕಿ ನೀರು ಮಬ್ಬು ಮಾಡಿದ್ರು. ಬೈದು ಡಬ್ಬಿ ಬಚ್ಚಿಡೋ ಬದಲು ಕೆಲಸಾನೇ ಅವರಿಗೆ ಒಪ್ಪಿಸಿದೆ. ಬೆಳಗ್ಗೆ ಒಂದು ಚಿಟಿಕೆ ಕಾಳು, ಎರಡು ನಿಮಿಷದಲ್ಲಿ ತಿಂದು ಮುಗಿಸೋವಷ್ಟು. ವಾರಕ್ಕೊಂದ್ಸಲ ಕಾಲು ಭಾಗ ನೀರು ತೆಗೆದು, ಹಿಂದಿನ ದಿನ ಬಕೆಟಲ್ಲಿ ತುಂಬಿಟ್ಟ ನೀರು ಹಾಕೋದು. ಸ್ಪಂಜನ್ನ ತೆಗೆದ ಹಳೇ ನೀರಲ್ಲೇ ಅದ್ದಿ ಹಿಂಡೋದು. ನಾನು ಸ್ಕ್ರಬ್ಬರ್ ಹಿಡ್ಕೊಂಡು ಹತ್ರ ಹೋದ್ರೆ ಈಗ ಅವರೇ ಗದರ್ತಾರೆ.

ಎಂಟು ತಿಂಗಳಾಯ್ತು. ಒಂದು ಗಪ್ಪಿ ಹೋಯ್ತು, ಉಳಿದವೆಲ್ಲ ಇವೆ. ಹೋದ ತಿಂಗಳು ತಮ್ಮ ರಜೆ ಹಾಕಿ ಅಪ್ಪಾಜೀನ ಊರ ಮನೆಗೆ ಒಂದು ವಾರ ಇರೋಕೆ ಕರ್ಕೊಂಡು ಹೋದ. ಮೂರನೇ ದಿನ ಫೋನು ಬಂತು. "ಕೂಸೆ, ಮೀನಿಗೆ ಹಾಕಿದ್ಯಾ? ಜಾಸ್ತಿ ಹಾಕಬೇಡ. ನಾಳೆ ನೀರು ಬದಲಾಯಿಸೋ ದಿನ, ನಾನು ಬತ್ತೀನಿ."

ನೀವೂ ಒಂದಿನ ಬನ್ನಿ. ಕಳ್ಳೆಪುರಿ ಮಾತ್ರ ತರಬೇಡಿ.