ಗಿರಣ್ಯಾಂವ ಎದ್ದು ಹೋದ್ರ

ಜ್ವಾಳದ ಡಬ್ಬಿ ಗಿರಣಿಯೊಳಗ ಪಾಳಿಗೆ ಇಟ್ಟು ನಾವು ಮನಿಗೆ ಬಂದುಬಿಡ್ತೀವಿ. ಬೀಸೂತನಾ ಅಲ್ಲೇ ನಿಂತ್ರ ಮನಿ ಕೆಲಸಾ ಯಾರು ಮಾಡಬೇಕ್ರಿ? ಹೆರಿಗಿಗೆ ಅಂತ ಶಲವಡಿಗೆ ಬಂದಿರೂ ನನ್ನ ಮಗಳ ನೌಕರಿನೂ ಇದ ನಮೂನಿದು.

ಸಾಲಿ ಫೀ ತುಂಬಿದವರಿಗೆ ಪಾವತಿ ಕಳಸೂ ಪ್ರೋಗ್ರಾಂ ಆಕೀ ತಂಡದ್ದು. ಫೀ ಬಂದ ಕೂಡ್ಲೆ "ಆತು" ಅಂತ ಹೇಳಿ ಮಂದೀನ್ನ ಕಳಿಸಿಬಿಡ್ತೈತಿ. ಪಾವತಿ ಮಾಡೂ ಕೆಲಸಾ ಪಾಳಿಗೆ ಹಚ್ಚತೈತಿ. ಹಿಂದ ಕುಂತು ಒಂದೊಂದ ಮುಗಿಸಾಂವಗ ವರ್ಕರ್ ಅಂತಾರಂತ. ಕರೇ ಪರದೆ ಮ್ಯಾಲೆ "ಪಿಎಚ್‌ಪಿ ಆರ್ಟಿಸನ್ ಕ್ಯೂ ವರ್ಕ್" ಅಂತ ಬಡದ್ರ ಅಂವ ಕೆಲಸಕ್ಕ ಕೂಡ್ತಾನ. ಆ ಕಿಡಕಿ ಮುಚ್ಚಿದ್ರ ಸಾಯ್ತಾನ.

ನನಗ ಹತ್ತಿದ್ದು ಅದ ಚಿಂತಿ. ನಡುರಾತ್ರಿ ಬ್ಯಾನಿ ಸುರು ಆಗಿ ಹುಬ್ಬಳ್ಳಿಗೆ ಓಡೂ ಹೊತ್ತಿನ್ಯಾಗ ಇವನ್ನ ಯಾರು ನೋಡಬೇಕು? ನೌಕರಿಗೆ ಧಕ್ಕಿ ಬಂದ್ರ?

"ಅವ್ವಾ, ಇಲ್ಲಿ ನಡಸೂದು ಬರೇ ತಪಾಸಣಿ. ಖರೇ ಸರ್ವರ್‌ದಾಗ ಸೂಪರ್‌ವೈಸರ್ ಅಂತ ಬ್ಯಾರೆ ಪ್ರೋಗ್ರಾಂ ಕಾವಲಿಗೆ ಐತಿ, ವರ್ಕರ್ ಬಿದ್ರ ಎಬ್ಬಸತೈತಿ" ಅಂದ್ಲು.

ಅರ್ಧಾ ಬೀಸಿದ ಡಬ್ಬಿ? ಅದು ಹೊಳ್ಳಿ ಪಾಳಿಗೆ ಬರ್ತೈತಂತ. ಇವರು ಇಟ್ಟದ್ದು 90 ಸೆಕೆಂಡ್. ಆದ್ರ ಒಬ್ಬರಿಗೇ ಎರಡು ಪಾವತಿ ಹೋಗಬಾರದಲ್ಲ, ಮೊದಲ ಕಳಿಸೇತೋ ಇಲ್ಲೋ ನೋಡಿ ಕಳಸೂ ಹಂಗ ಬರದಿರಬೇಕು. ಮೂರು ಸಲ ಮಾಡಿನೂ ಆಗಲಿಲ್ಲಂದ್ರ ಸೋತ ಕೆಲಸದ ಪಟ್ಟಿಗೆ ಹಾಕತೈತಿ, ಒಗಿಯೂದಿಲ್ಲ. ಅದನ್ನ ಮಾತ್ರ ಮನಷ್ಯಾರ ನೋಡಿ, ತಪ್ಪು ತಿದ್ದಿ, "ಕ್ಯೂ ರೀಟ್ರೈ" ಅಂತ ಬಡೀಬೇಕು.

ಇನ್ನೊಂದು ಕೇಳಿ ನಗು ಬಂತು. ಪ್ರೋಗ್ರಾಂ ಎಷ್ಟ ಬದಲಿ ಮಾಡ್ರಿ, ವರ್ಕರ್ ಕೂಡೂ ಮುಂದ ಕಲ್ತದ್ದನ್ನ ಮಾಡ್ತಿರ್ತಾನ. ಥೇಟ್ ನಮ್ಮ ಮನಿಯವರು! "ಕ್ಯೂ ರೀಸ್ಟಾರ್ಟ್" ಅಂದ್ರ ಕೈಯಾಗಿನ ಕೆಲಸಾ ಮುಗಿಸೇ ಎದ್ದು ಹೋಗ್ತಾನ, ನಡಬರಕ ಬಿಡೂದಿಲ್ಲ. ಆಮ್ಯಾಲೆ ಸೂಪರ್‌ವೈಸರ್ ಹೊಸಬನ್ನ ಕೂಡಸತೈತಿ.

ಅಂದ್ರ ಯಂತ್ರದ ಚಿಂತಿ ಅಷ್ಟಿಲ್ಲ. ಆ ಸೋತ ಕೆಲಸದ ಪಟ್ಟಿ ನೋಡಾಕ ಒಬ್ಬರು ಬೇಕು. 2017ರಾಗ ಕಾಯ್ದೆ ತಿದ್ದಿ 12 ವಾರದ ಹೆರಿಗಿ ರಜಾ 26 ವಾರ ಮಾಡ್ಯಾರ, ಅಷ್ಟೂ ತಗೋ ಅಂತ ನಾ ಗಂಟ ಬಿದ್ದೇನಿ. ಆಕೀ ಜೋಡಿ ಕೆಲಸಾ ಮಾಡೂ ಹುಡುಗ ಪಟ್ಟಿ ನೋಡ್ತೀನಿ ಅಂದಾನ. ರಜಾ ಅರ್ಜಿ ಹೋಗೇತಿ, ಮಂಜೂರಾತಿ ಇನ್ನೂ ಬಂದಿಲ್ಲ.