ಕೆಂಪು ದೀಪ ಯಾಕೆ ಹೊತ್ತಿತು?

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವನು ನಾನು. ಸ್ನಾನ ಮುಗಿಸಿ, ದೇವರ ಮುಂದೆ ದೀಪ ಹಚ್ಚಿ, ಐದು ಊದಿನಕಡ್ಡಿ ಬೆಳಗಿದರೆ ನನ್ನ ದಿನ ಶುರು. ಮೈಸೂರಿನಲ್ಲಿ ಹುಟ್ಟಿ ಬೆಳೆದವನು. ಆ ಪರಿಮಳವಿಲ್ಲದ ಪೂಜೆ ಉಪ್ಪಿಲ್ಲದ ಸಾರು ಎಂದೇ ನಂಬಿದ್ದವನು.

ಕಳೆದ ಚಳಿಗಾಲದಲ್ಲಿ ಏಳು ವರ್ಷದ ಮೊಮ್ಮಗಳು ಪುಟ್ಟಿಗೆ ಉಬ್ಬಸ ಹೆಚ್ಚಾಯಿತು. ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಿದ್ದಳು. ಎದೆಯಲ್ಲಿ ಸುಯ್ ಸುಯ್ ಎಂಬ ಸದ್ದು. "ತಾತ, ಉಸಿರು ಕಟ್ತಿದೆ" ಎಂದಾಗ ಇನ್‌ಹೇಲರ್ ಕೊಟ್ಟು ಬೆನ್ನು ಸವರುವುದಲ್ಲದೆ ನಮಗೆ ಬೇರೇನೂ ತೋಚುತ್ತಿರಲಿಲ್ಲ.

ಬೆಂಗಳೂರಿನ ನಮ್ಮ ಮನೆಯ ಪಕ್ಕದ ಸೈಟಿನಲ್ಲಿ ಆಗ ಕಟ್ಟಡ ಏಳುತ್ತಿತ್ತು. ಸಿಮೆಂಟಿನ ಧೂಳು, ಲಾರಿಗಳ ಹೊಗೆ. ಎಲ್ಲ ತಪ್ಪೂ ಅದರದ್ದೇ ಎಂದು ನಾನು ತೀರ್ಪು ಕೊಟ್ಟುಬಿಟ್ಟೆ. ಡಾಕ್ಟರು, "ಔಷಧಿ ಮಾತ್ರ ನಿಲ್ಲಿಸಬೇಡಿ. ಅದರ ಜೊತೆಗೆ ಮಗು ಮಲಗುವ ಕೋಣೆಗೆ ಒಂದು ಏರ್ ಪ್ಯೂರಿಫೈಯರ್ ಇದ್ದರೆ ಒಳ್ಳೆಯದು" ಎಂದರು. ಕೊಳ್ಳುವ ಜವಾಬ್ದಾರಿ ನಾನು ಹೊತ್ತೆ.

ಅಂಗಡಿಯಲ್ಲಿ ಹುಡುಗ ಬಣ್ಣ ಬಣ್ಣದ ದೀಪದ ಯಂತ್ರಗಳನ್ನು ತೋರಿಸಿದ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡಿ ಪಳಗಿದ ಕಣ್ಣು ನನ್ನದು. ಒಂದೊಂದೇ ಪ್ರಶ್ನೆ ಕೇಳಿದೆ.

ಮೊದಲನೆಯದು, ಒಳಗಿರುವುದು ನಿಜವಾದ ಹೆಪಾ ಫಿಲ್ಟರೋ ಅಲ್ಲವೋ? ಮಕ್ಕಳೇ, ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮ ತಲೆಗೂದಲು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ದಪ್ಪ. ನಿಜವಾದ ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳನ್ನೂ 10,000ಕ್ಕೆ 9,997ರಷ್ಟು ಹಿಡಿಯಬೇಕು. ಡಬ್ಬಿಯ ಮೇಲೆ "ಹೆಪಾ ಮಾದರಿ" ಎಂದಿದ್ದರೆ ಆ ಭರವಸೆ ಇಲ್ಲ.

ಎರಡನೆಯದು, ನಮ್ಮ ಕೋಣೆಗೆ ಅದು ಸಾಕೇ? ಯಂತ್ರ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದನ್ನು ಸಿ.ಎ.ಡಿ.ಆರ್. ಎನ್ನುತ್ತಾರೆ. ಪುಟ್ಟಿಯ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಗುಣಿಸಿದರೆ 1,200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಶುದ್ಧವಾಗಬೇಕಾದರೆ 34 ಐದಲೆ 170. ಅದಕ್ಕಿಂತ ಕಡಿಮೆ ಸಂಖ್ಯೆಯ ಯಂತ್ರಗಳನ್ನು ಪಕ್ಕಕ್ಕಿಟ್ಟೆ.

ಮೂರನೆಯದು, ಫಿಲ್ಟರಿನ ಬೆಲೆ. ಒಂದು ಯಂತ್ರಕ್ಕೆ 7,500 ರೂಪಾಯಿ, ವರ್ಷಕ್ಕೊಮ್ಮೆ ಬದಲಿಸುವ ಫಿಲ್ಟರಿಗೆ 3,000. ಇನ್ನೊಂದಕ್ಕೆ 11,000, ಅದರ ಫಿಲ್ಟರಿಗೆ 1,800. ಐದು ವರ್ಷದಲ್ಲಿ ನಾಲ್ಕು ಸಲ ಬದಲಿಸಬೇಕು. ಮೊದಲನೆಯದು ಒಟ್ಟು 19,500, ಎರಡನೆಯದು 18,200. ಅಗ್ಗವೆಂದು ಕಂಡದ್ದೇ ದುಬಾರಿ!

"ಅಯಾನ್ ಬಿಡುವ ಮೆಷಿನ್ ಇದೆ ಸಾರ್" ಎಂದ ಹುಡುಗ. ಬೇಡವೆಂದೆ. ಅಂಥ ಕೆಲವು ಯಂತ್ರಗಳಿಂದ ಓಝೋನ್ ಹುಟ್ಟುತ್ತದೆ. ಉಬ್ಬಸದ ಮಗುವಿಗೆ ಅದು ಆಗದು.

ಆರಿಸಿದ ಯಂತ್ರ ಮನೆಗೆ ಬಂತು. ಕೋಣೆಯ ಬಾಗಿಲು ಮುಚ್ಚಿ ಚಾಲೂ ಮಾಡಿದರೆ ಅರ್ಧ ಗಂಟೆಯಲ್ಲಿ ಹಸಿರು ದೀಪ. ನನ್ನ ಎದೆ ಉಬ್ಬಿತು.

ಒಂದು ಭಾನುವಾರ ಬೆಳಿಗ್ಗೆ ಪುಟ್ಟಿ ಅದನ್ನು ಹಾಲ್‌ನಲ್ಲಿ ಇಡಿಸಿಕೊಂಡಿದ್ದಳು. ಕಟ್ಟಡದ ಕೆಲಸಕ್ಕೆ ಅಂದು ರಜೆ. ನಾನು ಎಂದಿನಂತೆ ಊದಿನಕಡ್ಡಿ ಹಚ್ಚಿ ಮಂತ್ರ ಶುರು ಮಾಡಿದೆ. ಹಿಂದಿನಿಂದ ಯಂತ್ರ ಗುರ್ರೆಂದಿತು. ದೀಪ ಕೆಂಪಾಯಿತು. ಅಂಕಿ 30ರಿಂದ 200 ದಾಟಿತು.

"ತಾತ, ಲಾರಿನೇ ಬಂದಿಲ್ಲ, ಯಾಕೆ ಕೆಂಪಾಯ್ತು?"

"ಇದು ದೇವರ ಹೊಗೆ ಪುಟ್ಟಿ, ಇದ್ರಿಂದ ಏನೂ ಆಗಲ್ಲ" ಎಂದೆ.

"ದೇವರ ಹೊಗೆ ಅಂತ ಮೆಷಿನ್‌ಗೆ ಗೊತ್ತಾಗಲ್ವಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನಾಕೆ ಮೆಲ್ಲಗೆ, "ತುಪ್ಪದ ದೀಪ ಇದೆ, ಮಲ್ಲಿಗೆ ಇದೆ. ಸಾಲದಾ ಅಂದ್ರೆ?" ಎಂದಳು. ಆಕೆ ಇದನ್ನು ಹೇಳಿದ್ದು ಅದೇ ಮೊದಲ ಸಲವಲ್ಲ. ಆದರೆ ನಾನು ಕೇಳಿಸಿಕೊಂಡದ್ದು ಅದೇ ಮೊದಲು.

ಎಷ್ಟು ಬೆಳಗು, ಎಷ್ಟು ಸಂಜೆ ಆ ಮಗುವಿನ ಪಕ್ಕದಲ್ಲೇ ಹೊಗೆಯಾಡಿಸಿದ್ದೆ! ಬೀದಿಯ ಧೂಳೂ ನಿಜ, ಲಾರಿಯ ಹೊಗೆಯೂ ನಿಜ. ಆದರೆ ಲೆಕ್ಕದ ಪುಸ್ತಕದಲ್ಲಿ ನನ್ನ ಬಾಬ್ತನ್ನು ನಾನು ಬರೆದೇ ಇರಲಿಲ್ಲ. ಊದಿನಕಡ್ಡಿ ಆರಿಸಿದೆ. ಸೊಳ್ಳೆಬತ್ತಿಯನ್ನೂ ಬಿಟ್ಟು ಸೊಳ್ಳೆ ಪರದೆ ಕಟ್ಟಿದೆವು.

ಪುಟ್ಟಿಯ ಉಬ್ಬಸ ಪೂರ್ತಿ ಹೋಗಿಲ್ಲ. ಇನ್‌ಹೇಲರ್ ಇದೆ, ಡಾಕ್ಟರ ಬಳಿ ಹೋಗುವುದೂ ಇದೆ. ಆದರೆ ರಾತ್ರಿ ಎರಡರ ಎಚ್ಚರ ಈಗ ಅಪರೂಪ. ಪೂಜೆಯ ಹೊತ್ತಿಗೆ ಅವಳೇ ಬಂದು ನನ್ನ ಹಿತ್ತಾಳೆಯ ಊದಿನಕಡ್ಡಿ ಸ್ಟ್ಯಾಂಡಿನ ತೂತಿಗೆ ಒಂದು ಮಲ್ಲಿಗೆ ಹೂವನ್ನು ಸಿಕ್ಕಿಸಿ, "ಈಗ ಮಂತ್ರ ಹೇಳು ತಾತ" ಎನ್ನುತ್ತಾಳೆ.