ಒಂದೇ ಕುಲ, ಹಲವು ನಡೆ

ಬೆಳಗಾಯಿತೆಂದು ಕೋಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿಟ್ಟರೂ ಅದು ಹಗಲಿನ ವೇಳೆಗೆ ಎಲೆ ಬಿಡಿಸಿ, ಇರುಳಿನ ವೇಳೆಗೆ ಮಡಿಸುವುದನ್ನು ಫ್ರಾನ್ಸಿನ ದ ಮೆರಾನ್ 1729ರಷ್ಟು ಹಿಂದೆಯೇ ಕಂಡಿದ್ದನು. ಜೀವಿಯ ಒಳಗೇ ಗಡಿಯಾರವೊಂದಿದೆಯೆಂಬ ವಿಚಾರಕ್ಕೆ ಅದೇ ನಾಂದಿ.

ಸಸ್ತನಿಗಳಲ್ಲಿ ಈ ಗಡಿಯಾರದ ಮುಖ್ಯ ನೆಲೆ ಮಿದುಳಿನ ತಳದಲ್ಲಿರುವ ಸುಮಾರು 20,000 ನರಕೋಶಗಳ ಪುಟ್ಟ ಗುಂಪು. ಇವೆಲ್ಲವೂ ಹುಟ್ಟಿನಿಂದಲೇ ಒಂದು ತಾಳಕ್ಕೆ ನಡೆಯುತ್ತವೆಯೆಂದು ಊಹಿಸುವುದು ಸಹಜ. ಆದರೆ ಇಲಿಯ ಈ ಕೋಶಗಳನ್ನು ಬಿಡಿಬಿಡಿಯಾಗಿಸಿ ತಟ್ಟೆಯಲ್ಲಿ ಬೆಳೆಸಿದ ಅಮೆರಿಕದ ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿತ್ತು. ಪ್ರತಿಯೊಂದು ಕೋಶಕ್ಕೂ ತನ್ನದೇ ದಿನ! ನೆರೆಯ ಎರಡು ಕೋಶಗಳಲ್ಲಿ ಒಂದಕ್ಕೆ ನಡುಹಗಲಾದರೆ ಮತ್ತೊಂದಕ್ಕೆ ನಡುರಾತ್ರಿ. ಕೆಲವಕ್ಕೆ ದಿನವು 24 ಗಂಟೆಗಿಂತ ಗಿಡ್ಡ, ಕೆಲವಕ್ಕೆ ಉದ್ದ. ದೇಹದೊಳಗಿರುವಾಗ ಅವು ಪರಸ್ಪರ ಸಂಕೇತಗಳನ್ನು ಕಳಿಸಿಕೊಳ್ಳುತ್ತ, ಭಜನೆಯ ಮೇಳದವರು ಒಬ್ಬರನ್ನೊಬ್ಬರು ಆಲಿಸಿ ತಾಳ ಹಿಡಿಯುವಂತೆ, ಒಂದೇ ದಿನಚರಿಯನ್ನು ಕಟ್ಟಿಕೊಳ್ಳುತ್ತವೆ. ನಾವು ನಿದ್ದೆಯೆಂದು ಹಗುರವಾಗಿ ಕರೆಯುವುದರ ಹಿಂದೆ ಇಷ್ಟೊಂದು ಹೊಂದಾಣಿಕೆ ಅಡಗಿದೆ.

ಇಂಥ ಭೇದ ರೋಗಾಣುಗಳಲ್ಲಿಯೂ ಉಂಟು; ಅಲ್ಲಿ ಅದು ಮನುಷ್ಯನ ಪ್ರಾಣಕ್ಕೇ ಸಂಬಂಧಿಸಿದ್ದು. ಪೆನಿಸಿಲಿನ್ ಹೊಸದಾಗಿ ಬಂದ ಕಾಲದಲ್ಲಿ, 1944ರಲ್ಲಿ, ಐರ್ಲೆಂಡಿನ ಜೋಸೆಫ್ ಬಿಗರ್ ಒಂದು ವಿಚಿತ್ರವನ್ನು ವರದಿ ಮಾಡಿದನು. ಕೀವು ಹುಟ್ಟಿಸುವ ಸ್ಟ್ಯಾಫಿಲೊಕಾಕಸ್ ರೋಗಾಣುಗಳ ಮೇಲೆ ಆ ಔಷಧವನ್ನು ಪ್ರಯೋಗಿಸಿದಾಗ, ಸುಮಾರು ಹತ್ತು ಲಕ್ಷಕ್ಕೊಂದರಂತೆ ಕೆಲವು ಬದುಕುಳಿಯುತ್ತಿದ್ದವು. ಅವು ಔಷಧವನ್ನು ಗೆದ್ದ ಹೊಸ ತಳಿಯೆನ್ನೋಣವೆಂದರೆ, ಅವುಗಳ ಸಂತತಿ ಮೊದಲಿನಂತೆಯೇ ಪೆನಿಸಿಲಿನ್ನಿಗೆ ಬಲಿಯಾಗುತ್ತಿತ್ತು! ಪೆನಿಸಿಲಿನ್ ಕೊಲ್ಲುವುದು ಬೆಳೆಯುತ್ತ ಹೊಸ ಗೋಡೆ ಕಟ್ಟಿಕೊಳ್ಳುತ್ತಿರುವ ಕೋಶವನ್ನು. ಬೆಳೆಯದೆ ತೆಪ್ಪಗೆ ಮಲಗಿದ್ದುದರ ಮೇಲೆ ಅದರ ಕೈ ಸಾಗದು. ಅನುವಂಶೀಯತೆ ಒಂದೇ, ಆ ಗಳಿಗೆಯ ಸ್ಥಿತಿ ಮಾತ್ರ ಬೇರೆ.

ಕ್ಷಯದ ಚಿಕಿತ್ಸೆ ದೀರ್ಘವಾಗಿರಲು ಇಂಥ ಮಂದಗತಿಯ ರೋಗಾಣುಗಳೇ ಒಂದು ಮುಖ್ಯ ಕಾರಣ. ವೇಗವಾಗಿ ವೃದ್ಧಿಸುವವುಗಳ ಬಹುಪಾಲನ್ನು ಐಸೊನಿಯಾಜಿಡ್ ಮೊದಲ ಕೆಲವು ದಿನಗಳಲ್ಲೇ ತೀರಿಸುತ್ತದೆ. ಉಳಿದವನ್ನು ಹುಡುಕಿ ಮುಗಿಸಲು ರಿಫಾಂಪಿಸಿನ್ ಮೊದಲಾದ ಔಷಧಗಳು ತಿಂಗಳುಗಟ್ಟಲೆ ದುಡಿಯಬೇಕು. ಸಾಮಾನ್ಯ ಕ್ಷಯಕ್ಕೆ ರೂಢಿಯ ಅವಧಿ ಆರು ತಿಂಗಳು. ಆದರೆ ಜ್ವರ ಇಳಿಯುವುದು, ಹಸಿವು ಮರಳುವುದು ಕೆಲವೇ ವಾರಗಳಲ್ಲಿ. ರೋಗಿ ಹೊಲಕ್ಕೆ ಹೋಗತೊಡಗುತ್ತಾನೆ. ಗುಣವಾಯಿತೆಂದು ಮನೆಯವರೂ ನಂಬುತ್ತಾರೆ. ಅದನ್ನು ಅವರ ಅಜ್ಞಾನವೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ದೇಹವೇ ಹಾಗೆ ಹೇಳುತ್ತಿರುತ್ತದೆ. ಗೂಡಿನಲ್ಲಿ ಉಳಿದ ಗುಳಿಗೆಗಳ ಮೇಲೆ ಧೂಳು ಕೂರುತ್ತದೆ. ಎದೆಯೊಳಗೆ ಮಲಗಿರುವ ಕೆಲವೇ ರೋಗಾಣುಗಳಿಗೆ ಯಾವ ಅವಸರವೂ ಇರುವುದಿಲ್ಲ.